ದೊರೆ, ದೋರೆ

ನೂರಾ ಹದಿನಾಲ್ಕನೇ ಗೀತ. ಹಲಗಿ ಮ್ಯಾಲ
ಸೀಮೆಸುಣ್ಣದಾಗ ಬರದಾರ: ಒಂದು, ಒಂದು, ನಾಕು.
ಅಂಕಿ ಎಲ್ಲಾರೂ ಓದತಾರ.
ಹಾಡು ಓದಾಕಿ ಈ ಸಾಲಿನ್ಯಾಗ ನಾ ಒಬ್ಬಾಕಿನ,
ಆ ಕಡೆ ಗಂಡಸರ ಬೆಂಚಿನ ಮ್ಯಾಲ
ಕಣ್ಣಿಗೆ ಪೊರಿ ಬಂದ ಯೋನಪ್ಪ ಮಾಸ್ತರ.

ನನ್ನ ಪುಸ್ತಕಕ್ಕ ಮೊದಲಿನ ಹನ್ನೊಂದು ಹಾಡಿಲ್ಲ.
ಬೆನ್ನಿಗೆ ಸೊಲ್ಲಾಪುರ ಚಾದರದ ತುಂಡು,
ನವಿಲಿನ ಅರ್ಧ ಕಾಲು ಕಾಣತೈತಿ.
ಮಿಲ್ಲಿನ ಭೋಂಗಾ ನಿಂತ ವರ್ಷ ಇವರ ಕುಂತು ಹೊಲದರು,
ಕೈಗೆ ಬ್ಯಾರೆ ಕೆಲಸ ಇರಲಿಲ್ಲ.

ತಬಿತಾಗ ಕನ್ನಡ ಮಾತು ಬರತೈತಿ, ಅಕ್ಷರ ಬರಾಂಗಿಲ್ಲ.
ಸಾಲಿ ಮರಾಠೀದು. ನಾ ಓದತೀನಿ,
ಆಕಿ ಬಾಲಬೋಧದಾಗ ಬರಕೋತಾಳ,
ಮ್ಯಾಲೊಂದು ಗೆರಿ ಎಳದು
ಹಗ್ಗದ ಮ್ಯಾಲ ಅರಬಿ ಒಣಹಾಕಿದಾಂಗ.

ಆ ಅಕ್ಷರದಾಗ ಗಿಡ್ಡ ಎ ಇಲ್ಲ, ಗಿಡ್ಡ ಒ ಇಲ್ಲ.
ನಾ ‘ಬೆಳೆ ಕೊಡು’ ಅಂತ ಬೇಡಿದರ
ಆಕಿ ವಹಿ ದೇವರ ಹತ್ತರ
ಬ್ಯಾಳಿ ಕೇಳತೈತಿ, ಮ್ಯಾಲೊಂದು ಕೋಡು.

ಮೊರೆಯ ಕೇಳು ಅನ್ನೂದು ಮೋರೆಯ ಕೇಳು.
“ಮೋರೆ ಅಂದರ ಹಿಂದಿನ ಗಲ್ಲಿ ಮೋರೆ ಕಾಕಾ ಏನು, ಆಯಿ?”
ಪ್ರಾರ್ಥನಾ ನಡುವ ನಕ್ಕೆ.
ಪಾಸ್ಟರ್ ಸಾಹೇಬರು ಚಷ್ಮಾದ ಮ್ಯಾಲಿಂದ ನೋಡಿದರು.

ಮನಿಗೆ ಬಂದು ತಿದ್ದಾಕ ಕುಂತೆ.
ಎಲ್ಲಿ ಗಿಡ್ಡ, ಅಲ್ಲೊಂದು ಚುಕ್ಕಿ ಇಡು ಅಂದೆ.
ಎರಡು ಪುಟ ಆಗೂದರಾಗ ಸಜ್ಜಿ ಚೆಲ್ಲಿದಾಂಗಾತು.
“ಬಿಡು ಆಯಿ, ಹಾಡೂ ಮುಂದ ಸರಿ ಹಾಡತೀನಿ.”
ಹಾಡಿದಳು. ಖರೇನ, ಬಾಯಾಗ ಎಲ್ಲಾ ಸರಿ ಇತ್ತು,
ಮೋರೆ ಕಾಕಾನೂ ಹೊರಗ ಹೋಗಿದ್ದ.
ಒಂದ ಒಂದು ಮಾತು ಉಳೀತು:
ದೊರೆಯೇ ಅನ್ನೂ ಕಡೆ ದೋರೆಯೇ.

ದೊರೆ ಅಂದರ ಆಕಿಗೇನು ಗೊತ್ತು?
ನಮ್ಮ ಮನ್ಯಾಗ ಆ ಮಾತು ಯಾರೂ ಆಡಾಂಗಿಲ್ಲ,
ಪುಸ್ತಕದಾಗ ಅಷ್ಟ.
ದೋರೆ ಗೊತ್ತು. ಮರಾಠ್ಯಾಗ ದೋರೆ ಅಂದರ ದಾರ.
ಒಂದಲ್ಲ, ಭಾಳ.
ನಿಮ್ಮ ಮುತ್ಯಾ ಮಗ್ಗದಾಗ ಹರದ ದೋರೆ
ರಾತ್ರಿಪಾಳಿ ತುಂಬ ಗಂಟು ಹಾಕತಿದ್ದ ಅಂತ
ಆಕಿಗೆ ನಾನ ಹೇಳೇನಿ.

ಮೊರೆಯ ಕೇಳು, ದೋರೆಯೇ.
ಯೋನಪ್ಪ ಮಾಸ್ತರ ಕೇಳಿದರ ಬೈತಾರ.
ರಬ್ಬರ್ ತಗೊಂಡೆ.
ಪುಸ್ತಕದ ಬೆನ್ನ ಮ್ಯಾಲ ಬಟ್ಟು ಆಡಿಸಿದೆ:
ಬಿಳಿ ಹೊಲಿಗಿ, ಒಂದೆರಡು ಕಡೆ ಬಿಚ್ಚೈತಿ,
ಉಳದದ್ದು ಗಟ್ಟಿ ಐತಿ.

ರಬ್ಬರ್ ಆಕಿ ಕಂಪಾಸಿನ್ಯಾಗ ತಿರಗಿ ಇಟ್ಟೆ.
“ನೂರಾ ಹದಿನೈದು ಹೇಳು, ಆಯಿ,” ಅಂದಳು,
ಗೆರಿ ಎಳಕೋತ.