ಮುಳ್ಳಿನ ಓರೆ

ಎರಡು ತಿಂಗಳು ಸೂರ್ಯನೂ ಕತ್ತು ಎತ್ತಲಾರದ ಊರು ನಮ್ಮದು,
ಈಸಾಫ್ಯೋರ್ದುರ್. ಬೆಟ್ಟದಾಚೆ ಎಲ್ಲೋ ಮಗ್ಗುಲು ಬದಲಿಸಿ
ಹಾಗೇ ಮಲಗಿಬಿಡುತ್ತಾನೆ.
ಅಂಥದೊಂದು ಮಧ್ಯಾಹ್ನದ ಕತ್ತಲಲ್ಲಿ ಬಂದಳು ಹಾಲ್ಡೋರಾ,
ಬಲಗೈ ನೆತ್ತಿಯ ಮೇಲಿಟ್ಟುಕೊಂಡು.
“ಹೀಗಿಟ್ಟರೆ ಮಾತ್ರ ಉರಿ ಇಳಿಯುತ್ತೆ. ಬಸ್ಸಲ್ಲಿ ನಗ್ತಾರೆ.”

ಮೂವತ್ತೊಂದು ವರ್ಷ ಮೀನಿನ ಕಾರ್ಖಾನೆಯಲ್ಲಿ
ಕೆಳಗಿಂದ ದೀಪ ಉರಿಯುವ ಮೇಜಿಗೆ ಬಗ್ಗಿ
ಕಾಡ್ ಮೀನಿನ ಬಿಳಿ ಮಾಂಸದಲ್ಲಿ ಮುಳ್ಳು ಹುಡುಕಿದವಳು.
ಈಗ ಅವಳದೇ ಕೊರಳಲ್ಲಿ,
ಐದನೆಯ ಆರನೆಯ ಮಣಿಗಳ ಸಂದಿಯಲ್ಲಿ,
ಬಾಗಿಲಿಗೆ ಸಿಕ್ಕ ಮಫ್ಲರಿನ ತುದಿಯಂತೆ
ಒಂದು ನರ.
ಹೆಬ್ಬೆರಳಿಗೂ ತೋರುಬೆರಳಿಗೂ ಜೋಮು.
ಚಾಕು ಮೂರು ಸಲ ಕೈಜಾರಿದೆ,
ಮೂರನೆಯ ಸಲ ಬೂಟಿನ ಮೇಲೆ.

ಮಲಗಿಸಿ ತಲೆಯನ್ನು ಎರಡೂ ಅಂಗೈಗೆ ತೆಗೆದುಕೊಂಡೆ.
ತಲೆ ಎಷ್ಟು ಭಾರವೆಂದು ಹೊತ್ತವರಿಗೇ ತಿಳಿಯದು,
ಇನ್ನೊಬ್ಬರ ಕೈಗೆ ಕೊಡುವವರೆಗೆ.
ಅವಳು ಕೊಡಲಿಲ್ಲ.
“ಬಿಡು” ಅಂದೆ. “ಬಿಟ್ಟಿದೀನಲ್ಲ” ಅಂದಳು,
ಹಡಗಿನ ಹಗ್ಗದಂತೆ ಬಿಗಿದುಕೊಂಡು.

ಎಳೆದೆ. ಬೈದಳು.
ಬಂದರಿನ ಬೈಗುಳ, ಬರೆಯುವಂಥದ್ದಲ್ಲ.
ಆಮೇಲೆ ಸೂರು ನೋಡುತ್ತ ಕೇಳಿದಳು:
“ಮಾಂಸ ಹರಿಯದ ಹಾಗೆ ಮುಳ್ಳು ತೆಗೆಯೋದು ಗೊತ್ತಾ ನಿಂಗೆ?”
ಗೊತ್ತಿಲ್ಲ.
“ನೇರ ಎಳೀಬಾರದು.
ಯಾವ ಓರೆಯಲ್ಲಿ ಬೆಳೆದಿದೆ, ಬೆರಳಲ್ಲಿ ನೋಡು.
ಆ ಓರೆಗೇ ಹೋಗು.
ಅವಸರದವರು ಮಾಂಸಾನೂ ಕಿತ್ತು ತರ್ತಾರೆ.”

ಕಾಲೇಜಿನಲ್ಲಿ ಯಾರೂ ಹೀಗೆ ಹೇಳಿರಲಿಲ್ಲ.
ಅಥವಾ ಹೇಳಿದ್ದರು,
ಪರೀಕ್ಷೆಗೆ ಬರೆದು ಮರೆತಿದ್ದೆ.

ಮತ್ತೆ ಹಿಡಿದೆ.
ಮಣಿಯಿಂದ ಮಣಿಗೆ ಬೆರಳಿಳಿದು, ಬಿಗಿ ಎಲ್ಲಿದೆಯೋ ಅಲ್ಲಿ
ಎಡಕ್ಕೆ ಕೂದಲೆಳೆಯಷ್ಟು ಜಾರಿಸಿದೆ, ನಿಂತೆ.
ಜಾರಿಸಿದೆ, ನಿಂತೆ.
ಅವಳ ಉಸಿರು ಹೊರಹೋಗುವಾಗ ಮಾತ್ರ.
ಹೊರಗೆ ಹಿಮ ತೆಗೆಯುವ ಗಾಡಿ ಹಿಂದೆ ಮುಂದೆ, ಹಿಂದೆ ಮುಂದೆ.
ಟಕ್ ಎನ್ನಲಿಲ್ಲ ಏನೂ. ಪವಾಡ ಆಗಲಿಲ್ಲ.
ಅಂಗೈ ಮಾತ್ರ ಮೆಲ್ಲಗೆ ಭಾರವಾಯಿತು:
ಕೊಟ್ಟಿದ್ದಳು.

ಎಂಟು ವಾರ.
ಕೆಲವು ಮಂಗಳವಾರ ಮೊದಲಿಗಿಂತ ಕೆಟ್ಟು ಬಂದಳು,
ಕೈ ಮತ್ತೆ ನೆತ್ತಿಗೆ ಹೋಗಿರುತ್ತಿತ್ತು.
ಒಂದು ವಾರ ಬರಲೇ ಇಲ್ಲ.
ನನ್ನ ಹೆಬ್ಬೆರಳ ಗಿಣ್ಣೂ ಈಗೀಗ ರಾತ್ರಿ ಮಿಡಿಯುತ್ತದೆ.
ಯಾರಿಗೂ ಹೇಳಿಲ್ಲ.

ಜನವರಿಯ ಕೊನೆಗೆ ಬೆಟ್ಟದಂಚಿನಲ್ಲಿ
ಸೂರ್ಯ ಕತ್ತು ತೂರಿಸಿದ ದಿನ
ಊರೆಲ್ಲ ಪ್ಯಾನ್‌ಕೇಕಿನ ಬೆಣ್ಣೆ ಕಮಟು. ಫೋನು ಬಂತು.
“ಮುಳ್ಳು ಚುಚ್ತು!”
ಎಲ್ಲಿಗೆ?
“ಹೆಬ್ಬೆರಳಿಗೆ. ರಕ್ತ ಬರ್ತಿದೆ.
ನೋಯ್ತಾ ಇದೆ ಕಣೋ, ನೋಯ್ತಾ ಇದೆ!”
ಅವಳ ಹಿಂದೆ ಯಂತ್ರಗಳ ಗದ್ದಲ,
ಬ್ಯಾಂಡೇಜು ಎಲ್ಲಿ, ಬ್ಯಾಂಡೇಜು ಎಲ್ಲಿ ಎಂದು
ಯಾರೋ ಕೂಗುತ್ತಿದ್ದರು.