ಮುದ್ರಣ ಮುಗಿಯಿತು

ಕಾಜುಬಾಗದ ಆ ಕಚೇರಿಯಲ್ಲಿ ಏಸಿ ಇದ್ದದ್ದು
ನನಗಲ್ಲ, ಕಂಪ್ಯೂಟರಿಗೆ.
ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು.
ಶಿರಸ್ತೇದಾರ ಗೋಳೀಕರರೂ ಬಿಟ್ಟೇ ಬರುತ್ತಿದ್ದರು;
ಅವರ ಕಾಲಲ್ಲಿ ಆಣಿ ಇದ್ದದ್ದು ನನಗೆ ಗೊತ್ತಾದದ್ದು ಹಾಗೆ.

ಪ್ರಿಂಟರು ಮಾತ್ರ ಹೊರಗೆ, ಕಿಟಕಿ ಪಕ್ಕ.
ಅದರ ಸದ್ದು ಸಾಹೇಬರಿಗೆ ಆಗುತ್ತಿರಲಿಲ್ಲ.
ಕಿಟಕಿಯಾಚೆ ಸಮುದ್ರ.
ಒಂಬತ್ತು ಸೂಜಿಯ ತಲೆಗೆ ಮೂರು ಮಳೆಗಾಲದ ಉಪ್ಪು ಹತ್ತಿ
ಮೊದಲು ಅಕ್ಷರಗಳ ಹೊಟ್ಟೆಯಲ್ಲೊಂದು ಬಿಳಿಗೆರೆ,
ಆಮೇಲೆ ಎರಡು,
ಆಮೇಲೆ ಬರೀ ಕರ್ ಕರ್.

ಅದೂ ಯಾವಾಗ!
ಗುಡ್ಡದಾಚೆಯ ಮೂರು ಊರು ಹಡಗುಪಡೆಗೆ ಬೇಕಾಗಿ
ಮನೆಗೊಂದು ನೋಟೀಸು, ನೋಟೀಸಿಗೆ ಮೂರು ಪ್ರತಿ.
ನಾನು ದಿನಗೂಲಿಯ ಬೆರಳು. ಹೊಡೆದವಳು ನಾನೇ:
ಬುದ್ಯಾ ಜಟ್ಟಿ ಹರಿಕಂತ್ರ. ತೆಂಗು ನಾಲ್ಕು, ಫಲ ಬಿಡುವುದು ಮೂರು.
ಬಾವಿ ಒಂದು, ಸಿಹಿನೀರು.
ತುಳಸು ಬೊಮ್ಮ ಗೌಡ. ಹಲಸು ಒಂದು. ಹೊನ್ನೆಮರ ಲೆಕ್ಕಕ್ಕಿಲ್ಲ.
ಮೀನು ಒಣಗಿಸುವ ಅಂಗಳಕ್ಕೆ ಕಾಲಂ ಇರಲಿಲ್ಲ,
‘ಇತರೆ’ಯಲ್ಲಿ ಹಾಕು ಅಂದರು.

ಮಡಗಾಂವಿನಿಂದ ಇನಾಸ್ ಬಂದ. ತಲೆ ಬಿಚ್ಚಿದ, ಮೂಸಿದ.
‘ಇದು ಹೋಯ್ತು. ಹೊಸದು ಮುಂಬಯಿಯಿಂದ ಬರಬೇಕು.
ಅಲ್ಲಿಯವರೆಗೆ ಇದು’ ಎಂದು ಒಂದು ಫ್ಲಾಪಿ ಕೊಟ್ಟ.
ಬೆರಳುದ್ದದ ಪ್ರೋಗ್ರಾಮು; ಬಾಗಿಲಲ್ಲಿ ಅಡಗಿ ಕೂತು
ಪ್ರಿಂಟರಿಗೆ ಹೊರಟದ್ದನ್ನೆಲ್ಲ ಹಿಡಿದು
ಫೈಲಿಗೆ ತುಂಬುತ್ತದಂತೆ.
ಕಾಳಿಯ ಹಿನ್ನೀರಲ್ಲಿ ಇಳಿತದ ಹೊತ್ತಿಗೆ
ಕೋಡಿಗೆ ಕಟ್ಟುವ ಬಲೆ ನೋಡಿದ್ದೆನಲ್ಲ,
ನೀರಿಗೆ ದಾರಿ, ಮೀನಿಗೆ ಅಲ್ಲೇ ಮುಕ್ಕಾಂ.
‘ನಿಮ್ಮ ಯಂತ್ರಕ್ಕೆ ಗೊತ್ತೇ ಆಗೋದಿಲ್ಲ, ಬಾಯಿ.
ಪಾಪ, ಕಾಗದಕ್ಕೇ ಹೋಯ್ತು ಅಂದುಕೊಳ್ತದೆ.’

ಕಾಗದ ಸರಿಯಾಗಿ ಕೂತಿದೆಯೇ? ಕೇಳಿತು.
ಹೌದು ಎಂದೆ.
ಯಂತ್ರಕ್ಕೆ ನಾನು ಹೇಳಿದ ಮೊದಲ ಸುಳ್ಳು.
ಕೆಂಪು ದೀಪ ಮಿಣುಕಿತು.
ಕರ್ ಇಲ್ಲ, ರಿಬ್ಬನ್ನಿನ ವಾಸನೆ ಇಲ್ಲ,
ಮುನ್ನೂರ ಹನ್ನೆರಡು ಮನೆ
ಸದ್ದಿಲ್ಲದೆ ಅಂಗೈಯಗಲದ ಕಪ್ಪು ಚೌಕಕ್ಕೆ ಇಳಿದವು.
ಪರದೆ ಹೇಳಿತು: ಮುದ್ರಣ ಮುಗಿಯಿತು.

ಊಟದ ಹೊತ್ತಿಗೆ ಫೈಲು ತೆರೆದು ನೋಡಿದೆ.
ಕಾಗದದ ಮೇಲೆ ಎಂದೂ ಬೀಳದ ಗುರುತುಗಳು ಅಲ್ಲಿ!
ಹೆಸರಿನ ಮುಂದೊಂದು ಪುಟ್ಟ ಸೂರ್ಯ,
ಅಂದರೆ ಅಕ್ಷರ ಕುಗ್ಗಿಸು.
ತಲೆಬರಹಕ್ಕೆ ಜೋಡಿ ಸ್ವರದ ಚಿಹ್ನೆ, ಅಂದರೆ ಹಿಗ್ಗಿಸು.
ಪುಟದ ತುದಿಯಲ್ಲಿ
ಸೊನ್ನೆಯ ಕೆಳಗೆ ಶಿಲುಬೆ, ಹೆಣ್ಣಿನ ಗುರುತು:
ಈ ಹಾಳೆ ಆಯಿತು, ಹೊರಗೆ ತಳ್ಳು.
ಮನೆ ಮನೆಯ ಕೊನೆಗೂ ಒಬ್ಬಳು ನಿಂತಿದ್ದಳು.

‘ಆಯಿತಾ?’ ಗೋಳೀಕರ ಕೇಳಿದರು.
‘ಆಯಿತು ಸರ್, ಫ್ಲಾಪಿಯಲ್ಲಿದೆ.’
‘ಹಾಗಾದರೆ ಬೀರುವಿಗೆ ಹಾಕಿ ಬೀಗ ಹಾಕು.’
ರಿಜಿಸ್ಟರಿನಲ್ಲೂ ಹಾಗೇ ಬರೆದರು. ಹನ್ನೊಂದು ದಿನ.

ಬಸಳೆ ಮಾರುತ್ತ ತುಳಸು ಮೆಟ್ಟಿಲ ಬಳಿ ಬಂದು
‘ಕಾಗ್ದ ಬಂತೇನೆ ಬಾಯಿ?’ ಅಂತ ಕೇಳುತ್ತಿದ್ದಳು.
ಇಲ್ಲ ಅನ್ನುತ್ತಿದ್ದೆ. ಅದು ಸುಳ್ಳಲ್ಲ.
ಬೇಡವೆಂದರೂ ಒಂದು ಕಟ್ಟು ಹೆಚ್ಚಿಗೆ ಇಡುತ್ತಿದ್ದಳು.
ಏನೋ ಉಪಕಾರ ಮಾಡಿದವಳ ಹಾಗೆ
ಮನೆಗೆ ಒಯ್ದು ಹುಳಿ ಮಾಡಿ ಉಂಡೆ.

ಹನ್ನೆರಡನೇ ದಿನ ಹೊಸ ತಲೆ ಬಂತು.
ಫೈಲನ್ನು ಪ್ರಿಂಟರಿಗೆ ಬಿಟ್ಟೆ, ಒಂದೇ ಆಜ್ಞೆ.
ಸಂಜೆಯವರೆಗೆ ಕರ್ ಕರ್.
ಸೂರ್ಯ ಕಾಣಲಿಲ್ಲ, ಸ್ವರ ಕಾಣಲಿಲ್ಲ.
ಒಬ್ಬೊಬ್ಬ ಹೆಣ್ಣಿಗೂ ಒಂದು ಹಾಳೆ ಹೊರಬಿತ್ತು.

ಮಳೆ ಹಿಡಿದ ವಾರ ಬುದ್ಯಾ ಬಂದ.
ಯಾರೂ ಹೇಳದೆ ಚಪ್ಪಲಿ ಬಿಟ್ಟ.
ನೋಟೀಸು ಮಡಚಿ ಮಡಚಿ ಅಂಗಿಯ ಜೇಬಲ್ಲಿತ್ತು.
‘ಕಾಗ್ದ ಬರ್ಲಿಲ್ಲಲ್ಲ, ಈ ವರ್ಷ ಉಳೀತು ಅಂತ
ಹೊಸ ಹೆಂಚು ಹೊದಿಸಿಬಿಟ್ಟೆ, ಬಾಯಿ.
ಆರುನೂರು. ಸಾಲದ್ದು. ಬರಕೊಳ್ಳಿ.’

ಅಳತೆ ಮುಗಿದ ಮೇಲಿನ ಹೆಂಚು
ಯಾವ ಕಾಲಮಿಗೂ ಬರುವುದಿಲ್ಲ.
ಆದರೂ ಹೊಡೆದೆ, ‘ಇತರೆ’ಯಲ್ಲಿ, ಆರುನೂರು,
ಅವನ ಕಣ್ಣೆದುರಿಗೆ.