ನೀರು ಬಿಡುವವನ ರಸ್ತೆ

ಈ ವಾಲ್ವ್ ಕೀಲಿ
ನಮ್ಮಪ್ಪನ ಮೊಣಕಾಲಿಗೆ ಬರುತ್ತಿತ್ತು.
ನನಗೀಗ ಎದೆಮಟ್ಟ.
ನಾನು ಕುಗ್ಗಲಿಲ್ಲ ಸ್ವಾಮಿ, ರಸ್ತೆ ಬೆಳೆಯಿತು.
ಮೂರು ಸಲ ಬೆಸುಗೆ ಹಾಕಿಸಿದ್ದೇನೆ,
ನೀರು ಇರುವುದು ಅದೇ ಹಳೇ ಆಳದಲ್ಲಿ.

ಕೆಂಗೇರಿ ಹಳೇಪೇಟೆಯ ಈ ಬೀದಿಗೆ
ಕಾರ್ಪೊರೇಷನ್ ಬೋರ್ಡಿನಲ್ಲಿ ಏನೋ ಹೆಸರಿದೆ,
ಯಾರೂ ಕರೆಯುವುದಿಲ್ಲ.
ಮೈಸೂರು ದಾರಿ ಎನ್ನುತ್ತಿದ್ದರು ಒಂದು ಕಾಲಕ್ಕೆ.
ಬೈಪಾಸು ಬಂತು, ಮೈಸೂರು ಅತ್ತ ಹೊರಳಿಕೊಂಡಿತು,
ಇಲ್ಲಿ ದಾರಿಯೊಂದೇ ಉಳಿಯಿತು.

ಅಕ್ಕಯ್ಯಮ್ಮನವರ ಮನೆ ನೋಡಿ.
ಮದುವೆಯಾಗಿ ಬಂದಾಗ ಎರಡು ಮೆಟ್ಟಿಲು ಹತ್ತಿ
ಸೇರೊದ್ದು ಒಳಗೆ ಹೋದರಂತೆ.
ಮೊದಲ ಡಾಂಬರಿಗೆ ಒಂದು ಮೆಟ್ಟಿಲು ಹೋಯಿತು.
ಯಾರೋ ಮಂತ್ರಿ ಬರುತ್ತಾರೆಂದು
ರಾತ್ರೋರಾತ್ರಿ ಸುರಿದ ಜಲ್ಲಿಗೆ ಇನ್ನೊಂದು
(ಮಂತ್ರಿ ಬೈಪಾಸಿನಲ್ಲೇ ಹೋದರು).
ಆಮೇಲೆ ಎಲೆಕ್ಷನ್ನಿಗೊಂದು ಪದರ.
ಈಗ ಮೂರು ಮೆಟ್ಟಿಲು ಇಳಿದರೆ ಹೊಸಲು.
ಪಾರ್ಸೆಲ್ ಹುಡುಗರಿಗೆ ಒಳಗಿಂದಲೇ ಕೂಗುತ್ತಾರೆ:
"ತಲೆ ಜೋಪಾನ ಕಣಪ್ಪಾ,
ನಮ್ಮನೆ ಬಾಗ್ಲಿಗೆ ಎಂಥೋನೂ ಬಗ್ಗಬೇಕು."

ಹೋದ ಶಿವರಾತ್ರಿ ವಾರ ಪೈಪು ಒಡೆಯಿತು.
ಅಗೆದೆವು, ನಾನೂ ರಾಯಚೂರು ಕಡೆಯ ಇಬ್ಬರು ಹುಡುಗರೂ.
ಕಾಂಕ್ರೀಟು ಕಳೆದರೆ ಡಾಂಬರು, ಡಾಂಬರಿನ ಕೆಳಗೆ ಡಾಂಬರು,
ಒಣಗಿದ ಹೋಳಿಗೆ ಪೇರಿಸಿಟ್ಟ ಹಾಗೆ.
ಅದರಡಿ ಕೆಮ್ಮಣ್ಣು.
ಕೆಮ್ಮಣ್ಣಿನಲ್ಲಿ ಒಂದು ಎತ್ತಿನ ಲಾಳ,
ಸವೆದು ಉಗುರಿನಷ್ಟಾದದ್ದು.
ಲಾಳದ ಬುಡೇನ್ ಸಾಬರು ಹೊಡೆದದ್ದಿರಬೇಕು.
ಎತ್ತು ಕೆಡವಿ, ನಾಲ್ಕು ಕಾಲೂ ಕಟ್ಟಿ,
ಕಿವಿಯಲ್ಲಿ ಏನೋ ಹೇಳುತ್ತಿದ್ದರಂತೆ;
ಏನೆಂದು ಎತ್ತುಗಳಿಗೇ ಗೊತ್ತು.

ಅಲ್ಲೇ ಪಕ್ಕ ಇದ್ದಿಲ ಚೂರು.
ಯುದ್ಧದ ಕಾಲಕ್ಕೆ ಇದ್ದಿಲ ಬಸ್ಸು ಓಡುತ್ತಿತ್ತು,
ದಿಬ್ಬದ ಬಳಿ ಉಬ್ಬಸ ಬಂದು ನಿಂತರೆ
ಟಿಕೆಟ್ ತೆಗೆದವರೆಲ್ಲ ಇಳಿದು ತಳ್ಳಬೇಕು.
ತಳ್ಳಿದ್ದಕ್ಕೆ ಕಾಸು ವಾಪಸ್ ಕೇಳಿದವನು
ಇಡೀ ಪೇಟೆಗೆ ನಮ್ಮ ತಾತನೊಬ್ಬನೇ.

ಆಮೇಲೆ ಹಾರೆ ಠಣ್ ಎಂದಿತು.
ಈ ಕಲ್ಲು ನನಗೆ ಗೊತ್ತಿದ್ದದ್ದೇ.
ಹೂವಿನ ಮುನಿಲಕ್ಷ್ಮಿ ಬುಟ್ಟಿ ಇಡುತ್ತಿದ್ದದ್ದು ಇದರ ತಲೆಯ ಮೇಲೆ.
ಗೇಣುದ್ದ ಕಾಣುತ್ತಿತ್ತು ಹೊರಗೆ,
ಬೆಂಗಳೂರು ಎಂಬ ಒಂದೇ ಪದ.
ಎಷ್ಟು ದೂರ ಎಂಬುದು ನೆಲದೊಳಗೆ.
ಟವೆಲಿನಿಂದ ಒರೆಸಿದೆ:
೮ ಮೈಲಿ.

ಚಿಕ್ಕ ಹುಡುಗ ಕೇಳಿದ,
"ಯಣ್ಣಾ, ಬೆಂಗಳೂರು ಇನ್ನಾ ಎಂಟು ಮೈಲಿ ಐತೇನ್ರಿ?
ಹಂಗಾದ್ರ ನಾವೀಗ ಎಲ್ಲಿ ಅದೀವಿ?"

ನಾನು ಬೀಡಿ ಹಚ್ಚಿದೆ.
ಕೆಳಗಿನಿಂದ ಅಕ್ಕಯ್ಯಮ್ಮ ಕತ್ತೆತ್ತಿ,
"ನೀರು ಯಾವಾಗ್ ಬಿಡ್ತೀಯೋ?" ಎಂದರು.

ಸಂಜೆಗೆ ಸಿಮೆಂಟು ಲಾರಿ ಬಂತು,
ಎಂಟು ಮತ್ತೆ ಮುಳುಗಿತು.
ಮಾರನೇ ದಿನ ಕೀಲಿ ಹೊತ್ತು ವೆಲ್ಡಿಂಗ್ ಅಂಗಡಿಗೆ ಹೋದೆ,
"ಇನ್ನೊಂದು ಗೇಣು ಹಾಕಪ್ಪ" ಎಂದೆ.
ಅವನು ಕನ್ನಡಕ ಮೇಲೆತ್ತಿ ನೋಡಿ,
"ಎರಡು ಗೇಣೇ ಹಾಕ್ಬಿಡ್ಲಾ?
ಮತ್ತೆ ಬರೋದು ತಪ್ಪುತ್ತೆ."